ಪಾಪಕ್ಕನ ಎಣ್ಣೆಬಣ್ಣದ ಪಟ

ಮನೆಯ ಅಂಗಳಕ್ಕೆ ವಾಲು ದೊರೆ ಕಾಲಿಟ್ಟ ದಿನದಿಂದ ಮುನಿನಾರಾಯಣಮ್ಮನ ಒಂದು ಕೆಲಸವೂ ನೆಟ್ಟಗೆ ನಡೆದಿರಲಿಲ್ಲ. ಅವನನ್ನು ಊರಿಗೆ ಕರೆತಂದವಳೂ ತಾನೇ ಎಂಬುದು ನೆನಪಾದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ಊರು ಮಾರಿಕುಪ್ಪಂ ಸ್ಟೇಷನ್ನಿನಿಂದ ಕ್ಯಾಸಂಬಳ್ಳಿಯ ಕಡೆ ಹೋಗುವ ಗಾಡಿ ದಾರಿಯಲ್ಲಿತ್ತು. ಎರಡು ಎಮ್ಮೆ, ಒಂದು ಹಸು, ಒಂದಿಷ್ಟು ರಾಗಿ ಹೊಲ, ಬಾವಿಯ ಕೆಳಗೆ ಬದನೆ ಮೆಣಸಿನ ಮಡಿ. ಗಂಡ ಅಶ್ವತ್ಥಪ್ಪ ಒಳ್ಳೆಯವನೇ, ಆದರೆ ಯಾರು ಏನು ಹೇಳಿದರೂ ತಲೆಯಾಡಿಸುವವನು. ಒಬ್ಬಳೇ ಮಗಳನ್ನು ಹಿಂದಿನ ವರ್ಷ ಮದುವೆ ಮಾಡಿ ಕಳಿಸಿದ್ದರಿಂದ ಮನೆಯೊಳಗಿನ ಕೆಲಸಕ್ಕೆ ಇನ್ನೊಂದು ಕೈ ಇರಲಿಲ್ಲ. ಇದ್ದವಳು ಅತ್ತೆ ಪಾಪಕ್ಕ. ಅವಳು ಎಲೆಯಡಿಕೆ ಕುಟ್ಟುವ ಪುಟ್ಟ ಕುಟ್ಟಾಣಿ ಹಿಡಿದು ಜಗಲಿಯ ಮೇಲೆ ಕೂತರೆ ಎದ್ದೇಳುವುದು ಊಟಕ್ಕೆ. ಆದರೂ ಕಾಳು ಆರಿಸುವುದು, ಕೋಳಿ ಅಟ್ಟುವುದು, ಒಲೆಯ ಮೇಲಿಟ್ಟಿದ್ದು ಉಕ್ಕಿದರೆ ಕೂಗಿ ಹೇಳುವುದು, ಇಷ್ಟನ್ನಾದರೂ ಮಾಡುತ್ತಿದ್ದಳು.

ಮುನಿನಾರಾಯಣಮ್ಮ ದಿನಾ ಬೆಳಗ್ಗೆ ತಲೆಯ ಮೇಲೆ ಹಾಲಿನ ತಂಬಿಗೆ ಇಟ್ಟುಕೊಂಡು ಆಂಡರ್ಸನ್‌ಪೇಟೆ ದಾಟಿ, ಗಣಿಯ ಇಂಜಿನಿಯರ್ ದೊರೆಯ ಬಂಗಲೆಗೆ ಹೋಗುತ್ತಿದ್ದಳು. ಆ ಬಂಗಲೆಗೆ ಒಬ್ಬ ನೆಂಟ ಬಂದು ಇಳಿದಿದ್ದ. ಯೋಸ್ಟ್ ದೆ ವಾಲ್ ಎಂದು ಅವನ ಹೆಸರು. ಬಟ್ಲರ್ ಕುಪ್ಪುಸ್ವಾಮಿಯ ಬಾಯಲ್ಲಿ ಅದು ವಾಲು ದೊರೆ ಆಗಿತ್ತು. ಇಂಗ್ಲಿಷಿನವನಲ್ಲ, ಒಲಾಂದ, ಅಂದರೆ ಹಾಲೆಂಡ್ ದೇಶದವನು, ಜಾವಾದಲ್ಲಿ ವರ್ಷಗಟ್ಟಲೆ ಚಿತ್ರ ಬರೆದುಕೊಂಡಿದ್ದು ಈಗ ಊರಿಗೆ ಹಿಂತಿರುಗುವ ದಾರಿಯಲ್ಲಿ ಗೆಳೆಯನ ಮನೆಯಲ್ಲಿ ತಂಗಿದ್ದಾನೆ ಎಂದು ಕುಪ್ಪುಸ್ವಾಮಿ ಹೇಳಿದ್ದ. ತಾಳೆಮರದ ಹಾಗೆ ಉದ್ದ, ಬಿಸಿಲಿಗೆ ಕೆಂಪಾದ ಕತ್ತು, ಅಂಗಿಯ ತೋಳಿಗೆಲ್ಲ ಹಸಿರು ನೀಲಿ ಕಲೆ. ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರಗಳನ್ನೂ ಚಿನ್ನ ತೆಗೆದು ಚೆಲ್ಲಿದ ಪುಡಿಯ ಬಿಳಿ ಸೈನೈಡ್ ದಿಬ್ಬಗಳನ್ನೂ ಬರೆದು ಬರೆದು ಅವನಿಗೆ ಬೇಸರ ಬಂದಿತ್ತಂತೆ.

ಮಾಘ ಕಳೆದ ಹೊಸತರಲ್ಲಿ ಒಂದು ಬೆಳಗ್ಗೆ ಅವನು ಹಾಲಿನ ಲೋಟ ಹಿಡಿದುಕೊಂಡೇ ಹಿತ್ತಲಿಗೆ ಬಂದು, ಈ ಹಾಲು ಎಲ್ಲಿಂದ ಬರುತ್ತದೆ ಎಂದು ಕುಪ್ಪುಸ್ವಾಮಿಯಿಂದ ಕೇಳಿಸಿದ. ಕುಪ್ಪುಸ್ವಾಮಿ ಕೈಯೆತ್ತಿ ಊರಿನ ದಿಕ್ಕು ತೋರಿಸಿದ. ಅಷ್ಟೇ. ಮುನಿನಾರಾಯಣಮ್ಮ ಖಾಲಿ ತಂಬಿಗೆ ಎತ್ತಿಕೊಂಡು ಹೊರಟರೆ ಹಿಂದಿನಿಂದ ಸೈಕಲ್ ತಳ್ಳಿಕೊಂಡು ದೊರೆ ಬರುತ್ತಿದ್ದ, ದೊರೆಯ ಹಿಂದೆ ಕುಪ್ಪುಸ್ವಾಮಿ. ಅವಳು ಬೇಗ ನಡೆದರೆ ಅವರೂ ಬೇಗ ನಡೆದರು. ನಿಂತರೆ ನಿಂತರು. ಆಂಡರ್ಸನ್‌ಪೇಟೆಯ ಅಂಗಡಿಯವರು ತಕ್ಕಡಿ ಬಿಟ್ಟು ಬಾಗಿಲಿಗೆ ಬಂದು ನೋಡಿದರು. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಭೂಮಿ ಬಾಯಿ ಬಿಡಬಾರದೇ ಎಂದುಕೊಂಡು ನಡೆದಳು.

ಮನೆಯ ಮುಂದೆ ಬಂದಾಗ ಪಾಪಕ್ಕ ಎಂದಿನಂತೆ ಜಗಲಿಯ ಮೇಲಿದ್ದಳು. ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ, ಕುಟ್ಟಾಣಿಯನ್ನು ಮಡಿಲಲ್ಲಿಟ್ಟುಕೊಂಡು, ಬಂದವರು ಯಾರೆಂದು ಕಣ್ಣು ಕಿರಿದು ಮಾಡಿ ನೋಡಿದಳು. ದೊರೆ ಸೈಕಲ್ಲನ್ನು ಕೈಬಿಟ್ಟ. ಅದು ಧಡಾರನೆ ಬಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಎರಡೂ ಕೈಯ ಬೆರಳು ಜೋಡಿಸಿ ಚೌಕ ಮಾಡಿ ಅದರೊಳಗಿಂದ ಮುದುಕಿಯನ್ನು ನೋಡಿದ, ಹಿಂದೆ ಸರಿದು ನೋಡಿದ, ಪಕ್ಕಕ್ಕೆ ಹೋಗಿ ನೋಡಿದ. ಆಮೇಲೆ ಕುಪ್ಪುಸ್ವಾಮಿಯ ಹತ್ತಿರ ಗಡಗಡ ಮಾತಾಡಿದ.

“ಪಾಟಿಯಮ್ಮನ್ನ ಬರೀತಾರಂತೆ,” ಎಂದ ಕುಪ್ಪುಸ್ವಾಮಿ, ತನ್ನ ತಮಿಳಿನಲ್ಲಿ ಅಜ್ಜಿಯನ್ನು ಹಾಗೆ ಕರೆದು. “ಹಿಂಗೇ ಕೂತಿರ್ಬೇಕಂತೆ. ಅಲ್ಲಾಡ್ಬಾರ್ದಂತೆ.”

“ಅದೇನ್ ಕಷ್ಟ,” ಎಂದಳು ಪಾಪಕ್ಕ.

ಅದೇನೂ ಕಷ್ಟವಾಗಲಿಲ್ಲ, ಪಾಪಕ್ಕನಿಗೆ. ಕಷ್ಟವೆಲ್ಲ ಸೊಸೆಯ ಪಾಲಿಗೆ ಬಂತು. ಮಾರನೆಯ ದಿನ ದೊರೆ ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದ. ಮೂರು ಕಾಲಿನ ಒಂದು ಮರದ ನಿಲುವು, ಬಣ್ಣದ ಪೆಟ್ಟಿಗೆ, ಸೀಮೆಣ್ಣೆಯಂತೆ ಮೂಗಿಗೆ ಹೊಡೆಯುವ ಎಣ್ಣೆಯ ಸೀಸೆಗಳು, ಮತ್ತು ಚೌಕಟ್ಟಿಗೆ ಬಿಗಿದ ದಪ್ಪ ಬಟ್ಟೆ. ಆ ಬಟ್ಟೆ ಮಲಗುವ ಮಂಚದಷ್ಟು ದೊಡ್ಡದಿತ್ತು. ಅದನ್ನು ಅಂಗಳದ ನಟ್ಟನಡುವೆ ನಿಲ್ಲಿಸಿದ. ಸಗಣಿಯ ಮಂಕರಿ ಹೊತ್ತವರು ಅದನ್ನು ಸುತ್ತಿ ಹೋಗಬೇಕು. ನೀರು ತಂದವರು ಅದನ್ನು ಸುತ್ತಿ ಬರಬೇಕು. ಪಾಪಕ್ಕ ಕೂತದ್ದು ಬಾಗಿಲಿನ ಪಕ್ಕಕ್ಕೇ ಆದ್ದರಿಂದ ಯಾರೂ ಬಾಗಿಲಲ್ಲಿ ನಿಲ್ಲಬಾರದು, ಬೆಳಕು ಕೆಡುತ್ತದೆ. ಬಾಗಿಲು ಮುಚ್ಚಲೂ ಬಾರದು, ಹಿಂದಿನ ಕತ್ತಲೆ ಬೇಕು.

ಸೀರೆಯ ವಿಷಯ ಇನ್ನೊಂದು. ಮೊದಲ ದಿನ ಉಟ್ಟಿದ್ದ ಕಂದು ಸೀರೆಯನ್ನೇ ದಿನಾ ಉಡಬೇಕು, ಒಗೆದರೆ ಮಡಿಕೆ ಹೋಗುತ್ತದೆ, ಆದ್ದರಿಂದ ಒಗೆಯಬಾರದು ಎಂದು ಅಪ್ಪಣೆಯಾಯಿತು. ಪಾಪಕ್ಕ ಅದನ್ನು ವೇದವಾಕ್ಯದಂತೆ ಪಾಲಿಸಿದಳು. ಮೂರನೆಯ ವಾರಕ್ಕೆ ಅತ್ತೆಯ ಪಕ್ಕ ಊಟಕ್ಕೆ ಕೂರುವುದು ಕಷ್ಟವಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಮುನಿನಾರಾಯಣಮ್ಮನನ್ನು ಕಾಡಿದ್ದು ಹುಲ್ಲಿನ ಮೆದೆ. ಅಂಗಳದ ಪಕ್ಕದಲ್ಲಿ ಒಟ್ಟಿದ್ದ ರಾಗಿ ಹುಲ್ಲಿನ ಮೆದೆಯ ಒಂದು ಮಗ್ಗುಲು ಚಿತ್ರದೊಳಗೆ ಬಂದಿತ್ತಂತೆ. ಅದರ ಆಕಾರ ಬದಲಾಗಬಾರದು. ಎಮ್ಮೆಗಳಿಗೆ ಚಿತ್ರದ ವಿಷಯ ಗೊತ್ತಿಲ್ಲ, ಅವು ಹೊತ್ತು ಹೊತ್ತಿಗೆ ಹುಲ್ಲು ಕೇಳುತ್ತವೆ. ಅವಳು ಮೆದೆಯ ಹಿಂಬದಿಯಿಂದ ಹುಲ್ಲು ಕೀಳತೊಡಗಿದಳು. ದಿನ ಹೋದಂತೆ ಮೆದೆಯ ಹಿಂಬದಿ ಟೊಳ್ಳಾಗಿ ಅದು ಹಿಂದಕ್ಕೆ ವಾಲಿತು. ದೊರೆ ಬೆಳಗ್ಗೆ ಬಂದವನೇ ಹೌಹಾರಿ, ಅದಕ್ಕೆ ಎರಡು ಗಳುಗಳ ಆನಿಕೆ ಕೊಡಿಸಿದ. ಆನಿಕೆ ಕೊಟ್ಟವನು ಅಶ್ವತ್ಥಪ್ಪ. ಹೊಲದಲ್ಲಿ ಮಾಗಿ ಉಳುಮೆ ಬಾಕಿಯಿತ್ತು. ಅದನ್ನು ಬಿಟ್ಟು ಮೆದೆ ಹಿಡಿದು ನಿಂತಿದ್ದ ಗಂಡನನ್ನು ನೋಡಿ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಷ್ಟು ದಿನ ಹೀಗೆ ಎಂದು ಕೇಳಿದರೆ, ದೊರೆ ಹೇಳಿದ್ದಾರಲ್ಲ, ಏನು ಮಾಡೋದು ಎಂದ.

ಕೆಲವು ಸಲ ಅವಳು ನೀರಿನ ಬಿಂದಿಗೆ ಹೊತ್ತು ಒಳಗೆ ಹೋಗುವಾಗ ದೊರೆ ತಟ್ಟನೆ ಕೈಯೆತ್ತಿ ನಿಲ್ಲಿಸುತ್ತಿದ್ದ. ಸೊಂಟದಲ್ಲಿ ಒಂದು, ತಲೆಯಲ್ಲಿ ಒಂದು ಬಿಂದಿಗೆ ಇಟ್ಟುಕೊಂಡು ಅವಳು ಬಾಗಿಲ ಕತ್ತಲಲ್ಲಿ ನಿಂತಿರಬೇಕು. ಕತ್ತು ಸೆಳೆಯುತ್ತಿತ್ತು, ಒಲೆಯ ಮೇಲೆ ಎಸರು ಬತ್ತುತ್ತಿತ್ತು. ಅವನು ಕಣ್ಣು ಚಿಕ್ಕದು ಮಾಡಿ ಅವಳನ್ನು ನೋಡಿ, ಬಟ್ಟೆಯ ಮೇಲೆ ಎರಡು ಸಲ ಕುಂಚ ಎಳೆದು, ಹೋಗು ಎಂದು ಕೈ ಬೀಸುತ್ತಿದ್ದ. ಬೈದುಕೊಂಡೇ ಹೋಗುತ್ತಿದ್ದಳು. ಆದರೂ ಹಾಗೆ ನಿಂತಾಗ ಒಳಗೊಳಗೇ ಒಂದು ಸಣ್ಣ ಸಮಾಧಾನವಿತ್ತು. ತನ್ನನ್ನೂ ಬರೆಯುತ್ತಿದ್ದಾನೆ. ಅತ್ತೆ ಒಬ್ಬಳೇ ಅಲ್ಲ. ಬರಬರುತ್ತಾ ನೀರಿಗೆ ಹೋಗುವ ಮೊದಲು ಹಣೆಯ ಬೆವರು ಒರೆಸಿ, ಕುಂಕುಮ ಸರಿಮಾಡಿಕೊಳ್ಳುವುದನ್ನೂ ಅಭ್ಯಾಸ ಮಾಡಿಕೊಂಡಳು.

ಯುಗಾದಿ ಕಳೆದ ಮೇಲೆ ದೊರೆ ಕುಂಚಗಳನ್ನು ಒರೆಸಿಟ್ಟು, ಮುಗಿಯಿತು ಎಂದ. ಊರವರೆಲ್ಲ ಬಂದರು. ಅದುವರೆಗೆ ಅವನು ಯಾರಿಗೂ ಚಿತ್ರ ತೋರಿಸಿರಲಿಲ್ಲ. ಈಗ ಅದನ್ನು ತಿರುಗಿಸಿ ಗೋಡೆಗೆ ಒರಗಿಸಿದ.

ಪಟದಲ್ಲಿ ಪಾಪಕ್ಕ ಕೂತಿದ್ದಳು. ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ. ಮುಖದ ಒಂದೊಂದು ಸುಕ್ಕೂ ಇತ್ತು, ಎಲೆಯಡಿಕೆಗೆ ಕೆಂಪಾದ ತುಟಿಯಂಚು ಇತ್ತು, ಎಳೆದು ಹಿಗ್ಗಿದ ಕಿವಿಯ ತೂತು ಇತ್ತು. ಕೊಳೆಯಾದ ಆ ಸೀರೆ ಚಿತ್ರದಲ್ಲಿ ಬೆಲ್ಲದ ಪಾಕದ ಹಾಗೆ ಹೊಳೆಯುತ್ತಿತ್ತು. ಪಾಪಕ್ಕ ಹತ್ತಿರ ಬಂದು ತನ್ನ ಮೂಗನ್ನೂ ಚಿತ್ರದ ಮೂಗನ್ನೂ ಮುಟ್ಟಿ ನೋಡಿದಳು. ಚಿತ್ರದ ಬಣ್ಣ ಬೆರಳಿಗೆ ಹತ್ತಿತು. ದೊರೆ ಕೂಗಿಕೊಂಡ.

ಮುನಿನಾರಾಯಣಮ್ಮ ತನ್ನನ್ನು ಹುಡುಕಿದಳು. ಬಾಗಿಲು ಇತ್ತು, ಬಾಗಿಲ ಕತ್ತಲೆ ಇತ್ತು. ಕತ್ತಲೆಯೊಳಗೆ ಎರಡು ಬಿಂದಿಗೆಗಳ ಹಿತ್ತಾಳೆಯ ಹೊಳಪು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಬೆಳಗಲು ತಿಕ್ಕಿದ ಹುಣಿಸೆಹಣ್ಣಿನ ಹುಳಿ ಮೂಗಿಗೆ ಬಡಿಯಬೇಕು. ಎರಡು ಬಿಂದಿಗೆಗಳ ನಡುವೆ ಇದ್ದದ್ದು ಕೋಳಿಮೊಟ್ಟೆಯಷ್ಟು ದಪ್ಪದ ಒಂದು ಕಂದು ಬಣ್ಣದ ಮುದ್ದೆ. ಕಣ್ಣಿಲ್ಲ, ಮೂಗಿಲ್ಲ, ಕುಂಕುಮವಂತೂ ಇಲ್ಲವೇ ಇಲ್ಲ.

ಅವಳು ಕುಪ್ಪುಸ್ವಾಮಿಯನ್ನು ಕರೆದು ಕೇಳಿದಳು.

“ಇದು ನಾನಾ?”

ಕುಪ್ಪುಸ್ವಾಮಿ ದೊರೆಯನ್ನು ಕೇಳಿ, ಹೌದು ಎಂದ.

“ನನ್ ಮೊಕ ಎಲ್ಲೋಯ್ತು?”

ದೊರೆ ತುಂಬ ಹೊತ್ತು ವಿವರಿಸಿದ. ಕೈಗಳನ್ನು ಆಡಿಸಿದ, ದೂರ ತೋರಿಸಿದ, ಹತ್ತಿರ ತೋರಿಸಿದ. ಅದಷ್ಟನ್ನೂ ಕುಪ್ಪುಸ್ವಾಮಿ ಒಂದೇ ಮಾತಿಗೆ ಇಳಿಸಿದ: ನೋಡುವವರ ಕಣ್ಣು ಪಾಟಿಯಮ್ಮನ ಮೇಲೆ ನಿಲ್ಲಬೇಕಂತೆ, ಹಿಂದೆ ಮುಖ ಇದ್ದರೆ ಕಣ್ಣು ಅಲ್ಲಿಗೆ ಹೋಗಿಬಿಡುತ್ತದಂತೆ.

ಅವಳಿಗೆ ಸಿಟ್ಟು ಉಕ್ಕಿತು. ಒಲೆ ಉರಿಸಿದ್ದು ತಾನು, ನೀರು ಹೊತ್ತದ್ದು ತಾನು, ಮೆದೆಯ ಹಿಂದೆ ಬಗ್ಗಿ ಹುಲ್ಲು ಕಿತ್ತದ್ದು ತಾನು. ಬಿಂದಿಗೆಯ ಕಂಠಕ್ಕಿದ್ದ ಹಳೆಯ ನೆಗ್ಗನ್ನು ಬಿಡದೆ ಬರೆದಿದ್ದಾನೆ. ಬಿಂದಿಗೆಗಿರುವಷ್ಟು ಬೆಲೆಯೂ ತನಗಿಲ್ಲ. ಒಳಗೆ ಹೋಗಿ ಪಾತ್ರೆಗಳನ್ನು ಸದ್ದಾಗುವಂತೆ ತೊಳೆದಳು. ಹೊರಗೆ ಎಲ್ಲರೂ ಪಾಪಕ್ಕನನ್ನು ಹೊಗಳುತ್ತಿದ್ದರಿಂದ ಅದು ಯಾರಿಗೂ ಕೇಳಿಸಲಿಲ್ಲ.

ಅಲ್ಲಿಗೆ ಪೀಡೆ ತೊಲಗಿತು ಎಂದುಕೊಂಡರೆ ಅದೂ ಆಗಲಿಲ್ಲ. ಎಣ್ಣೆಯ ಬಣ್ಣ ಒಣಗಲು ತಿಂಗಳುಗಟ್ಟಲೆ ಬೇಕಂತೆ. ಬೇಸಿಗೆಯ ಗಾಳಿಗೆ ಸೈನೈಡ್ ದಿಬ್ಬದ ಬಿಳಿ ಧೂಳು ಬಂಗಲೆಯ ಒಳಗೆಲ್ಲ ನುಗ್ಗುತ್ತದೆ, ಹಸಿ ಬಣ್ಣಕ್ಕೆ ಕೂತರೆ ಚಿತ್ರ ಹಾಳು. ಆದ್ದರಿಂದ ಅದು ಇಲ್ಲೇ ಇರಲಿ, ತಾನು ಊಟಿಗೆ ಹೋಗಿ ಮಳೆಗಾಲದ ಹೊತ್ತಿಗೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು ದೊರೆ ಹೇಳಿದ. ಅಶ್ವತ್ಥಪ್ಪ ತಲೆಯಾಡಿಸಿದ. ಹೊರಡುವಾಗ ದೊರೆ ಇನ್ನೊಂದು ಮಾತು ಹೇಳಿದ: ಹೊಗೆ ತಾಗಬಾರದು.

ಮನೆಯಿದ್ದದ್ದೇ ಒಂದು ಅಂಕಣ, ಒಂದು ಅಡುಗೆಯ ಮೂಲೆ, ಪಕ್ಕದಲ್ಲಿ ದನದ ಕೊಟ್ಟಿಗೆ. ಪಟ ನಿಂತದ್ದು ಅಂಕಣದ ಗೋಡೆಗೆ. ಹೊಗೆ ತಾಗಬಾರದೆಂದರೆ ಒಲೆ ಹೊರಗೆ ಹೋಗಬೇಕು. ವೈಶಾಖದ ಬಿಸಿಲಲ್ಲಿ ಮುನಿನಾರಾಯಣಮ್ಮ ಅಂಗಳದಲ್ಲಿ ಮೂರು ಕಲ್ಲಿಟ್ಟು ಮುದ್ದೆ ತೊಳಸಿದಳು. ಗಾಳಿಗೆ ಬೂದಿ ಹಾರಿ ಸಾರಿಗೆ ಬೀಳುತ್ತಿತ್ತು. ಒಳಗೆ ನೆರಳಲ್ಲಿ ಪಾಪಕ್ಕ ತನ್ನ ಎದುರಿಗೆ ತಾನೇ ಕೂತಿರುತ್ತಿದ್ದಳು. ಅಕ್ಕಪಕ್ಕದ ಹಳ್ಳಿಗಳಿಂದ ಜನ ನೋಡಲು ಬರುತ್ತಿದ್ದರು, ಬಂದವರಿಗೆಲ್ಲ ಮಜ್ಜಿಗೆ ಆಗಬೇಕಿತ್ತು. ಪಾಪಕ್ಕ ಅವರಿಗೆ ಸೀರೆಯ ಮಡಿಕೆಯಿಂದ ಶುರುಮಾಡಿ ಎಲ್ಲವನ್ನೂ ವಿವರಿಸುತ್ತಿದ್ದಳು. ಈಗ ಕಾಳು ಆರಿಸಲೂ ಅವಳಿಗೆ ಬಿಡುವಿರಲಿಲ್ಲ.

ಪಾಪಕ್ಕನ ಓರಗಿತ್ತಿಯ ಮಗಳು ಕನಕಮ್ಮ ಒಂದು ದಿನ ಬಂದವಳು, ಬದುಕಿರುವವರ ರೂಪ ಹೀಗೆ ಬರೆಸಿಟ್ಟರೆ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಹೆದರಿಸಿ ಹೋದಳು. ಪಾಪಕ್ಕ ಅದಕ್ಕೆ ಕ್ಯಾರೇ ಅನ್ನಲಿಲ್ಲ. ಹೆದರಿದವನು ಅಶ್ವತ್ಥಪ್ಪ. ಪಟಕ್ಕೆ ದೃಷ್ಟಿ ತೆಗೆಯಬೇಕೆಂದು ಹಟ ಹಿಡಿದ. ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕುವ ಕೆಲಸ ಯಾರದು? ಮುನಿನಾರಾಯಣಮ್ಮನದೇ. ಅದರ ಘಾಟಿಗೆ ಕೆಮ್ಮಿದವಳೂ ಅವಳೇ.

ಆಷಾಢ ಮುಗಿಯುವ ಹೊತ್ತಿಗೆ ಕುಪ್ಪುಸ್ವಾಮಿ ಸುದ್ದಿ ತಂದ. ದೊರೆ ಊಟಿಯಿಂದ ಬೆಂಗಳೂರಿಗೆ ಬಂದಿದ್ದಾರೆ, ಶುಕ್ರವಾರ ಮದರಾಸಿಗೆ ಹೊರಟಿದ್ದಾರೆ, ಅಲ್ಲಿಂದ ಹಡಗು. ಗಣಿಯ ಕಡೆ ಬರಲು ಹೊತ್ತಿಲ್ಲ. ಬೆಳಗಿನ ಗಾಡಿಗೆ ಬಂಗಾರಪೇಟೆಯಲ್ಲಿ ಇಳಿದು ಮಧ್ಯಾಹ್ನದ ಗಾಡಿಗೆ ಕಾಯುತ್ತಾರೆ, ಪಟವನ್ನು ಅಲ್ಲಿಗೆ ತರಬೇಕು. ಕುಪ್ಪುಸ್ವಾಮಿಯೂ ಬರುತ್ತಾನೆ. ಅಶ್ವತ್ಥಪ್ಪ ತಲೆಯಾಡಿಸಿದ. ಆದರೆ ಗುರುವಾರ ರಾತ್ರಿಯಿಂದ ಹಸು ಕರು ಹಾಕುವ ನೋವಿಗೆ ನಿಂತಿತು, ಅವನು ಬಿಟ್ಟು ಹೋಗುವ ಹಾಗಿರಲಿಲ್ಲ. ಪಟದ ಜೊತೆ ಹೋಗಬೇಕಾದವಳು ಮುನಿನಾರಾಯಣಮ್ಮನೇ ಆದಳು.

“ನಾನೂ ಬತ್ತೀನಿ,” ಎಂದಳು ಪಾಪಕ್ಕ.

“ನೀವ್ಯಾಕೆ ಅತ್ತೆಮ್ಮ? ಅಷ್ಟ್ ದೂರ ಬರಾಕಾಯ್ತದಾ?”

“ಓಗಾದು ನಾನು ಕಣೇ. ನೀನು ಒತ್ಕಂಡ್ ಬರಾಕೆ.”

ಮಾರಿಕುಪ್ಪಂವರೆಗೆ ಎತ್ತಿನ ಗಾಡಿ. ದುಪ್ಪಟಿ ಸುತ್ತಿದ ಪಟವನ್ನು ಗಾಡಿಯಲ್ಲಿ ನಿಲ್ಲಿಸಿ ಒಂದು ಕಡೆ ಅವಳು, ಒಂದು ಕಡೆ ಕುಪ್ಪುಸ್ವಾಮಿ ಹಿಡಿದುಕೊಂಡರು. ನಡುವೆ ಪಾಪಕ್ಕ, ಹಬ್ಬದ ಸೀರೆಯುಟ್ಟು. ಗಾಳಿ ಬೀಸಿದಾಗ ಪಟ ಹಾಯಿಯ ಹಾಗೆ ಉಬ್ಬಿ ಎಳೆಯುತ್ತಿತ್ತು. ಒಂದು ಸಲ ಕುಪ್ಪುಸ್ವಾಮಿಯ ರುಮಾಲೇ ಹಾರಿ ಕಳ್ಳಿಬೇಲಿಗೆ ಸಿಕ್ಕಿಕೊಂಡು, ಗಾಡಿ ನಿಲ್ಲಿಸಿ ತೆಗೆಯಬೇಕಾಯಿತು.

ಸ್ಟೇಷನ್ನಿನಲ್ಲಿ ಪಟ ಡಬ್ಬಿಯ ಬಾಗಿಲೊಳಗೆ ಹಿಡಿಯಲಿಲ್ಲ. ಅಡ್ಡ ಮಾಡಿದರು, ಓರೆ ಮಾಡಿದರು, ತಲೆಕೆಳಗು ಮಾಡಿದರು. ತಲೆಕೆಳಗು ಮಾಡಬೇಡಿ, ನನಗೆ ತಲೆ ಸುತ್ತುತ್ತದೆ ಎಂದು ಪಾಪಕ್ಕ ಹೊರಗಿನಿಂದ ಅಂದಳು. ಕೊನೆಗೆ ಗಾರ್ಡು ಬಂದು, ಇದನ್ನು ಪಾರ್ಸಲ್ ಎಂದು ಬರೆಸಿ ಬ್ರೇಕ್‌ವ್ಯಾನಿಗೆ, ಹಿಂದಿನ ಸಾಮಾನಿನ ಡಬ್ಬಿಗೆ, ಹಾಕಿಸಬೇಕು ಎಂದ. ಕುಪ್ಪುಸ್ವಾಮಿ ಪಟ ಹಿಡಿದು ನಿಂತ, ಅವಳು ಪಾರ್ಸಲ್ ಕಿಟಕಿಗೆ ಹೋದಳು. ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, ದುಪ್ಪಟಿಯೊಳಗೆ ಏನಿದೆ ಎಂದು ಕೇಳಿದ.

“ನಮ್ಮತ್ತೆ,” ಎಂದಳು ಮುನಿನಾರಾಯಣಮ್ಮ.

ಗುಮಾಸ್ತನ ಕೈಯಲ್ಲಿದ್ದ ಲೇಖನಿ ನಿಂತಿತು. ಅಷ್ಟರಲ್ಲಿ ಪಾಪಕ್ಕ ಸೊಸೆಯ ಹೆಗಲ ಮೇಲಿಂದ ಮುಖ ತೂರಿಸಿ, ಹೌದು ಸ್ವಾಮಿ, ನಾನೇ ಎಂದಳು. ಅವನಿಗೆ ಅರ್ಥ ಮಾಡಿಸುವಷ್ಟರಲ್ಲಿ ಗಾಡಿ ಕೂಗು ಹಾಕಿತು. ದುಪ್ಪಟಿ ಬಿಚ್ಚಿ ತೋರಿಸಿ, ಕಟ್ಟಿ, ಹಮಾಲರ ಜೊತೆ ಓಡಿ, ಕೋಳಿ ಬುಟ್ಟಿಗಳ ನಡುವೆ ಅದನ್ನು ನಿಲ್ಲಿಸಿ ಬಂದು ಡಬ್ಬಿ ಹತ್ತಿದಾಗ ಅವಳ ಕುಪ್ಪಸ ಬೆವರಿಗೆ ಬೆನ್ನಿಗಂಟಿತ್ತು. ಪಾಪಕ್ಕ ಆಗಲೇ ಕಿಟಕಿಯ ಪಕ್ಕ ಜಾಗ ಹಿಡಿದು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಬಂಗಾರಪೇಟೆ ಸ್ಟೇಷನ್ನಿನ ಫಲಕದಲ್ಲಿ ಆಗ ಬೌರಿಂಗ್‌ಪೇಟೆ ಎಂದೇ ಇತ್ತು. ಪ್ಲಾಟ್‌ಫಾರಂ ಕೊನೆಯ ಬೇವಿನ ಮರದ ಕೆಳಗೆ ದೊರೆ ಪೈಪು ಸೇದುತ್ತಾ ಟ್ರಂಕುಗಳ ಮೇಲೆ ಕೂತಿದ್ದ. ಪಕ್ಕದಲ್ಲಿ ಪಟ ಹಾಕಿ ಮೊಳೆ ಹೊಡೆಯಲು ಹಲಗೆಯ ದೊಡ್ಡ ಪೆಟ್ಟಿಗೆ ಸಿದ್ಧವಾಗಿತ್ತು. ಅವನು ಓಡಿಬಂದು ಮೊದಲು ಪಟದ ದುಪ್ಪಟಿ ಬಿಚ್ಚಿದ. ಮೂಲೆಯಲ್ಲಿ ಒಂದು ನೊಣ ಅಂಟಿ ಸತ್ತಿತ್ತು, ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದ. ಬಣ್ಣ ಮುಟ್ಟಿ ನೋಡಿ, ಒಣಗಿದೆ ಎಂದು ಸಂತೋಷಪಟ್ಟ. ಪಾಪಕ್ಕನ ಎರಡೂ ಕೈ ಹಿಡಿದು ಅಲ್ಲಾಡಿಸಿದ. ಆಮೇಲೆ ಕುಪ್ಪುಸ್ವಾಮಿಯ ಮೂಲಕ, ಅಷ್ಟು ದಿನ ಪಟವನ್ನು ಜೋಪಾನ ಮಾಡಿದ್ದಕ್ಕೆ ಈ ಅಮ್ಮನಿಗೆ ಏನು ಬೇಕು ಎಂದು ಕೇಳಿದ.

ಕುಪ್ಪುಸ್ವಾಮಿ ಹಿತವಾಗಿ, ಒಂದು ಒಳ್ಳೆಯ ಸೀರೆ ಕೇಳಮ್ಮ ಎಂದ. ಪಾಪಕ್ಕ, ಒಂದು ಎಮ್ಮೆ ಕೇಳೇ ಎಂದಳು.

ಮುನಿನಾರಾಯಣಮ್ಮ ಪಟವನ್ನೇ ನೋಡುತ್ತಿದ್ದಳು. ಬೆಳಗಿನಿಂದ ಅದನ್ನು ಹಿಡಿದು ಹಿಡಿದು ಅವಳ ತೋಳು ಸೋತಿತ್ತು. ಬಿಸಿಲಲ್ಲಿ ಒಲೆ ಊದಿದ್ದು, ಮೆದೆ, ಮಜ್ಜಿಗೆ, ಗುಮಾಸ್ತ, ಎಲ್ಲ ಒಟ್ಟಿಗೆ ನೆನಪಾಯಿತು.

“ನನ್ಗೇನೂ ಬ್ಯಾಡ,” ಎಂದಳು. “ಅಲ್ಲಿ ನನ್ ಮೊಕ ಇಕ್ಕಕ್ಕೇಳು. ಬಿಂದಿಗೆ ಒತ್ತೋಳ್ಗೆ ತಲೆ ಇರ್ಲಿಲ್ವಾ? ಮಡಕೆ ಕುಡಿಕೆಗೆಲ್ಲಾ ಬಣ್ಣ ಇತ್ತು, ನನ್ ಒಂದು ಮೊಕಕ್ಕೆ ಬಣ್ಣ ಮುಗ್ದೋಯ್ತಾ?”

ಕುಪ್ಪುಸ್ವಾಮಿ ಇದನ್ನು ಹೇಗೆ ಹೇಳಿದನೋ, ದೊರೆಯ ಮುಖದ ನಗು ಹೋಯಿತು. ಅವನು ಮೊದಲು ಇಲ್ಲ ಎಂದು ತಲೆಯಾಡಿಸಿದ, ಚಿತ್ರ ಕೆಡುತ್ತದೆ ಎಂದ. ಅವಳು ಅಲುಗಾಡಲಿಲ್ಲ. ಪಟದ ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡುತ್ತಾ ನಿಂತಳು. ಅಷ್ಟು ತಿಂಗಳಲ್ಲಿ ಅವಳು ಅವನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ದೊರೆಯೂ ಅವಳನ್ನು ನೋಡಿದ. ಬಾಯಿಂದ ಪೈಪು ತೆಗೆದ. ನಿಧಾನವಾಗಿ ಬಗ್ಗಿ ಟ್ರಂಕಿನ ಬೀಗ ತೆಗೆದು ಬಣ್ಣದ ಪೆಟ್ಟಿಗೆ ಎತ್ತಿಕೊಂಡ.

ಪಟವನ್ನು ಬೇವಿನ ಮರಕ್ಕೆ ಒರಗಿಸಿ ಅವನು ನೆಲದ ಮೇಲೆ ಮಂಡಿಯೂರಿದ. ಸುತ್ತ ಹಮಾಲರು, ಇಡ್ಲಿ ಮಾರುವವರು, ಕೋಲಾರದ ಸಣ್ಣ ಗಾಡಿಗೆ ಕಾಯುತ್ತಿದ್ದವರು ಸೇರಿದರು. ಮುನಿನಾರಾಯಣಮ್ಮ ಕುಂಕುಮ ಸರಿಮಾಡಿಕೊಳ್ಳಲು ಕೈಯೆತ್ತಿದಳು, ಅವನು ಬೇಡವೆಂದ. ಈ ಸಲ ಅವನು ಅವಸರ ಮಾಡಲಿಲ್ಲ. ಅವಳನ್ನು ನೋಡುತ್ತಿದ್ದ, ಬರೆಯುತ್ತಿದ್ದ, ಒರೆಸುತ್ತಿದ್ದ, ಮತ್ತೆ ನೋಡುತ್ತಿದ್ದ. ಜನ ಬೆಳಕಿಗೆ ಅಡ್ಡ ಬಂದರೆ ಪಾಪಕ್ಕ ಅವರನ್ನು ಗದರಿಸಿ ಸರಿಸುತ್ತಿದ್ದಳು. ಆ ಕೆಲಸವನ್ನು ಅವಳು ಯಾರೂ ಹೇಳದೆಯೇ ವಹಿಸಿಕೊಂಡಿದ್ದಳು.

ಮುಗಿದಾಗ ಮದರಾಸಿನ ಗಾಡಿಗೆ ಗಂಟೆ ಬಾರಿಸಿದರು. ಮುನಿನಾರಾಯಣಮ್ಮ ಹತ್ತಿರ ಹೋಗಿ ನೋಡಿದಳು. ಬಾಗಿಲ ಕತ್ತಲೆಯಲ್ಲಿ ಎರಡು ಬಿಂದಿಗೆಗಳ ನಡುವೆ ಒಬ್ಬ ಹೆಂಗಸು ನಿಂತಿದ್ದಳು. ಹುಬ್ಬು ಗಂಟಿಕ್ಕಿತ್ತು. ತುಟಿ ಬಿಗಿದಿತ್ತು. ಹಣೆಗೆ ಕೂದಲು ಅಂಟಿತ್ತು. ಯಾರನ್ನೋ ಬೈಯಲು ಬಾಯಿ ತೆರೆಯುವ ಮುಂಚಿನ ಗಳಿಗೆ ಅದು. ಕಣ್ಣು ಮಾತ್ರ ಹೊಳೆಯುತ್ತಿತ್ತು. ಪಟದಲ್ಲಿ ಮೊದಲು ಕಾಣುತ್ತಿದ್ದುದು ಈಗ ಪಾಪಕ್ಕ ಅಲ್ಲ.

ದೊರೆಯ ಸಾಮಾನು ಎತ್ತಲು ಹಮಾಲರು ಬಂದರು. ಪಟವನ್ನು ಪೆಟ್ಟಿಗೆಗೆ ಇಳಿಸಲು ಇಬ್ಬರು ಕೈ ಹಾಕಿದಾಗ ದೊರೆ ತಟ್ಟನೆ ಅವರನ್ನು ತಡೆದ. ಹಸಿ ಬಣ್ಣ. ಬಟ್ಟೆ ಸುತ್ತುವ ಹಾಗಿಲ್ಲ, ಪೆಟ್ಟಿಗೆ ಮುಚ್ಚುವ ಹಾಗಿಲ್ಲ, ಹಡಗಿನ ಹೊಟ್ಟೆಯೊಳಗೆ ಇಡುವ ಹಾಗಂತೂ ಇಲ್ಲ. ಅವನು ಹಣೆ ಹಣೆ ಬಡಿದುಕೊಂಡ. ಆಮೇಲೆ ಒಬ್ಬನೇ ನಗತೊಡಗಿದ. ಗಾಡಿ ಬಂದು ನಿಂತಿತು, ಟ್ರಂಕುಗಳು ಒಳಗೆ ಹೋದವು. ದೊರೆ ಮೆಟ್ಟಿಲ ಮೇಲೆ ನಿಂತು ಕುಪ್ಪುಸ್ವಾಮಿಗೆ ಕೂಗಿ ಹೇಳಿದ್ದಿಷ್ಟು: ಇದು ಇವರ ಮನೆಯಲ್ಲೇ ಇರಲಿ, ಒಣಗಿದ ಮೇಲೆ ಇಂಜಿನಿಯರ್ ದೊರೆ ಕಳಿಸಿಕೊಡುತ್ತಾರೆ.

ಗಾಡಿ ಹೋಯಿತು. ಪ್ಲಾಟ್‌ಫಾರಂ ಮೇಲೆ ಮುನಿನಾರಾಯಣಮ್ಮ, ಪಾಪಕ್ಕ, ಕುಪ್ಪುಸ್ವಾಮಿ ಮತ್ತು ಪಟ ಉಳಿದರು. ಅವಳು ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಮತ್ತೆ ಗಾಡಿ, ಮತ್ತೆ ಬ್ರೇಕ್‌ವ್ಯಾನು, ಮತ್ತೊಬ್ಬ ಗುಮಾಸ್ತ, ಈ ಸಲ ದುಪ್ಪಟಿ ಸುತ್ತುವಂತೆಯೂ ಇಲ್ಲ. ತಾನೇ ಕೇಳಿ ತಂದುಕೊಂಡದ್ದು, ಯಾರನ್ನು ಬೈಯುವುದು?

ಪಾಪಕ್ಕ ಪಟದ ಮುಂದೆ ನಿಂತು ನೋಡುತ್ತಲೇ ಇದ್ದಳು.

“ನಾನು ಯಾವಾಗ್ಲೂ ಇಂಗೇ ಇರ್ತೀನಾ ಅತ್ತೆಮ್ಮ?” ಎಂದು ಸೊಸೆ ಕೇಳಿದಳು. ಅವಳ ದನಿ ಸಣ್ಣದಾಗಿತ್ತು.

ಪಾಪಕ್ಕ ಸುಳ್ಳು ಹೇಳಲಿಲ್ಲ. “ಊಂ. ಒತ್ತಾರೆಯಿಂದ ಬೈಗಿನ್ ಗಂಟ,” ಎಂದಳು. ಪಟದಿಂದ ಕಣ್ಣು ತೆಗೆಯದೆ, “ನಾನೂ ಇಂಗೇ ಇದ್ನೇನೋ ನಮ್ಮತ್ತೆ ಕಾಲ್ದಾಗೆ. ಯಾರ್ ನೋಡಿದ್ರು?” ಎಂದಳು.

ಅತ್ತೆಗೂ ಒಂದು ಕಾಲಕ್ಕೆ ಅತ್ತೆಯಿದ್ದಳು ಎಂಬುದು ಮುನಿನಾರಾಯಣಮ್ಮನಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಅದನ್ನು ಎಂದೂ ಹಾಗೆ ಯೋಚಿಸಿರಲಿಲ್ಲ. ಕುಪ್ಪುಸ್ವಾಮಿ ಎಲ್ಲರಿಗೂ ಇಡ್ಲಿ ತಂದುಕೊಟ್ಟ. ಬಿಸಿ ಇಡ್ಲಿ, ತಾನು ಬೇಯಿಸದ ಇಡ್ಲಿ. ಅವಳು ಯಾರಿಗೂ ಬಡಿಸದೆ ಕೂತಲ್ಲೇ ತಿಂದಳು.

ಅವರು ಪಟದೊಂದಿಗೆ ಊರು ಮುಟ್ಟಿದಾಗ ಹಸು ಹೆಣ್ಣು ಕರು ಹಾಕಿತ್ತು. ಅಶ್ವತ್ಥಪ್ಪ ಕರುವಿನ ಸಂತೋಷದಲ್ಲಿದ್ದವನು ಪಟ ನೋಡಿ ಬೆಪ್ಪಾದ. ಏನು ಕಥೆ ಎಂದು ಕೇಳಿದ. ಹೇಳುವ ತಾಳ್ಮೆ ಹೆಂಡತಿಗಿರಲಿಲ್ಲ, ಅಮ್ಮನನ್ನು ಕೇಳು ಎಂದಳು.

ಅದಾಗಿ ಸ್ವಲ್ಪ ದಿನಕ್ಕೆ ದೊರೆಗಳ ಸೀಮೆಯಲ್ಲಿ ಯುದ್ಧ ಶುರುವಾಯಿತು. ಇಂಜಿನಿಯರ್ ದೊರೆ ಸೈನ್ಯಕ್ಕೆ ಸೇರಿ ಹೊರಟುಹೋದ. ಮರುವರ್ಷ ಬೇಸಿಗೆಯಲ್ಲಿ ಒಲಾಂದ ದೇಶವನ್ನು ಜರ್ಮನಿಯವರು ಹಿಡಿದರೆಂದು ಕುಪ್ಪುಸ್ವಾಮಿ ಹೇಳಿದ. ಆ ಸುದ್ದಿ ಕೇಳಿದ ದಿನ ಮುನಿನಾರಾಯಣಮ್ಮನಿಗೆ ಊಟ ಸೇರಲಿಲ್ಲ. ಅಷ್ಟು ಗೋಳು ಹೊಯ್ದುಕೊಂಡ ಮನುಷ್ಯನಿಗಾಗಿ ತನಗೇಕೆ ಹೀಗಾಗಬೇಕು ಎಂದು ತನ್ನ ಮೇಲೇ ಸಿಡುಕಿಕೊಂಡಳು. ವಾಲು ದೊರೆ ಬದುಕಿದನೋ ಇಲ್ಲವೋ, ಅವನ ಸುದ್ದಿ ಮತ್ತೆ ಬರಲಿಲ್ಲ. ಪಟವನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ನೋಡುವವರು ಮಾತ್ರ ಬರುತ್ತಲೇ ಇದ್ದರು. ಪಾಪಕ್ಕ ಮೊದಲಿನ ಹಾಗೆಯೇ ವಿವರಿಸುತ್ತಿದ್ದಳು. ಒಂದು ಸಲ ಅವರೆಕಾಯಿಯ ಕಾಲದಲ್ಲಿ ಬಂದಿದ್ದ ಸೊಣ್ಣಪ್ಪ ಎಂಬ ನೆಂಟ, ಹಿಂದೆ ನಿಂತಿರುವ ಈ ಸಿಡುಕಿ ಯಾರು ಎಂದು ಕೇಳಿದ. ಮುನಿನಾರಾಯಣಮ್ಮ ಅವರೆಕಾಯಿಯ ಗಂಟು ಇಳಿಸಲು ಒಳಗೆ ಬರುತ್ತಿದ್ದವಳು ಅಲ್ಲೇ ನಿಂತಳು.

“ನನ್ ಸೊಸೆ ಕಣಪ್ಪ,” ಎಂದಳು ಪಾಪಕ್ಕ. “ಅವ್ಳು ನಿಂತವ್ಳೆ ಅಂತ್ಲೇ ನಾನು ಕೂತಿವ್ನಿ.”

ಮುನಿನಾರಾಯಣಮ್ಮ ಗಂಟನ್ನು ಅತ್ತೆಯ ಮುಂದೆ ಇಳಿಸಿ ಬಿಚ್ಚಿದಳು. ಕೂತವರು ಹಾಗೇ ಕೂರಬೇಕಿಲ್ಲ, ಮಾತಾಡುತ್ತಾ ಇಷ್ಟು ಸುಲಿಯಬಹುದು ಎಂದು ಹೇಳಿ ಮೊರ ತರಲು ಹೋದಳು. ಹಿಂತಿರುಗಿ ಬಂದಾಗ ಸೊಣ್ಣಪ್ಪ ಸುಲಿಯುತ್ತಿದ್ದ. ಪಾಪಕ್ಕ ಅವನಿಗೆ ಹೇಗೆ ಸುಲಿಯಬೇಕೆಂದು ಹೇಳಿಕೊಡುತ್ತಿದ್ದಳು.